ಅಮ್ಮನ ಜೊತೆ ಕಾಶಿಗೆ ನಾಲ್ಕು ದಿನ: ಯಾತ್ರೆ ಅಲ್ಲ, ಊರು ನೋಡೋಕೆ. ಈ ಪ್ಲಾನ್ ನಡೆಯುತ್ತಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ಅಮ್ಮನ ಜೊತೆ ಕಾಶಿಗೆ ಹೊರಟಿದ್ದೇನೆ. ಗುರುವಾರ ಮಧ್ಯಾಹ್ನ ಅಲ್ಲಿ ಇಳಿಯುತ್ತೇವೆ. ಭಾನುವಾರ ಸಂಜೆ ವಾಪಸ್ ವಿಮಾನ. ಟಿಕೆಟ್ ಮಾಡಿ ಆಗಿದೆ, ಹಾಗಾಗಿ ದಿನ ಬದಲಾಯಿಸೋಕೆ ಆಗಲ್ಲ.

ಕಾಶಿ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಪುರೋಹಿತರ ನಂಬರ್ ಕೊಡೋಕೆ ಶುರು ಮಾಡಿದ್ದಾರೆ. ಪ್ರಯಾಗ, ಗಯಾ ಬಿಟ್ಟು ಬರುವುದು ಎಂಥ ಕಾಶಿ ಎಂದು ಚಿಕ್ಕಪ್ಪ ಕೇಳಿದರು. ಈ ಸಲ ಯಾವ ತರಕಾರಿ ಬಿಡುತ್ತೀರಿ ಎಂದು ದೊಡ್ಡಮ್ಮ ಕೇಳಿದರು. ಆದರೆ ಆ ಯಾತ್ರೆಯನ್ನು ಅಮ್ಮ 2009ರಲ್ಲೇ ಅಪ್ಪನ ಜೊತೆ ಮುಗಿಸಿದ್ದಾರೆ. ಒಂದು ಬಸ್ಸು, 40 ಜನ, ಕಾಶಿಗೆ ಸಿಕ್ಕಿದ್ದು ಒಂದೂವರೆ ದಿನ. ಆಗಿನದು ಏನು ನೆನಪಿದೆ ಎಂದು ಕೇಳಿದರೆ "ಕ್ಯೂ ನೆನಪಿದೆ, ಆಮೇಲೆ ಚಪ್ಪಲಿ ಕಳೆದುಕೊಂಡಿದ್ದು" ಎನ್ನುತ್ತಾರೆ.

ಅಮ್ಮನಿಗೆ 66. ಸ್ಕೂಲಿನಲ್ಲಿ ಸಂಗೀತ ಟೀಚರ್ ಆಗಿದ್ದರು, ಈಗ ರಿಟೈರ್ಡ್. ಎಡ ಮಂಡಿ ನೋವಿದೆ. ಸಪಾಟು ನೆಲದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮುಖ ಸಣ್ಣದಾಗುತ್ತದೆ. ಅವರಿಗೆ ಸಂಗೀತ ಬೇಕು, ಒಂದು ಬನಾರಸ್ ಸೀರೆ ಬೇಕು. ನನಗೆ ಹಳೇ ಕಟ್ಟಡ, ಮ್ಯೂಸಿಯಂ ಅಂದರೆ ಇಷ್ಟ.

ನಾನು ಬರೆದುಕೊಂಡಿದ್ದು ಹೀಗಿದೆ. ಗುರುವಾರ ಸಂಜೆ ದಶಾಶ್ವಮೇಧ ಘಾಟ್‌ನಲ್ಲಿ ಗಂಗಾ ಆರತಿ. ಶುಕ್ರವಾರ ಬೆಳಗ್ಗೆ ದೋಣಿಯಲ್ಲಿ 84 ಘಾಟ್, ಆಮೇಲೆ ಸಾರನಾಥ. ಶನಿವಾರ ವಿಶ್ವನಾಥನ ದರ್ಶನ, ಜಂತರ್ ಮಂತರ್ (ಹಳೇ ಖಗೋಳ ವೀಕ್ಷಣಾಲಯ), ರಾಮನಗರದ ಕೋಟೆ, ಸೀರೆ. ಭಾನುವಾರ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತ ಕಲಾ ಭವನ ಎಂಬ ಮ್ಯೂಸಿಯಂ ನೋಡಿ ಹಾಗೇ ಏರ್‌ಪೋರ್ಟ್.

ಜಾಸ್ತಿ ಆಯಿತಾ? ಉಳಿಯೋಕೆ ಯಾವ ಕಡೆ ಒಳ್ಳೆಯದು? ಅಮ್ಮನ ಮಂಡಿ ತಡೆದುಕೊಳ್ಳುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಎಕ್ಸ್‌ಪ್ರೆಸ್_ಶೆಟ್ರು:

ನಾಲ್ಕು ದಿನ ಯಾಕೆ ಮೇಡಂ? ಕಾಶಿಗೆ ಎರಡು ದಿನ ಧಾರಾಳ. ಬೆಳಗ್ಗೆ ದರ್ಶನ, ಸಂಜೆ ಆರತಿ, ಮಾರನೇ ದಿನ ಸಾರನಾಥ, ಮುಗೀತು. ಉಳಿದ ಎರಡು ದಿನಕ್ಕೆ ಅಯೋಧ್ಯೆ, ಪ್ರಯಾಗ ಹಾಕಿಕೊಳ್ಳಿ. ಅಷ್ಟು ದೂರ ಹೋಗಿ ಸುಮ್ನೆ ಒಂದೇ ಊರಲ್ಲಿ ಕೂತರೆ ಟಿಕೆಟ್ ದುಡ್ಡು ದಂಡ ಅಲ್ವಾ?

ಲಂಕಾಗೇಟ್:

ಶೆಟ್ರೇ, ನೀವು ಹೇಳಿದ್ದು 2009ರ ಬಸ್ಸಿನ ಪ್ಲಾನ್. ಅದನ್ನು ಅವರಮ್ಮ ಒಂದು ಸಲ ಅನುಭವಿಸಿದ್ದಾರೆ, ಬಿಟ್ಟುಬಿಡಿ ಪಾಪ.

ತುಂಗಾತೀರ ಅವರೇ, ನಾನು 2006ರಿಂದ ಐದು ವರ್ಷ ಆ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದವನು. ಅದರ ಮುಖ್ಯ ಗೇಟಿನ ಎದುರಿನ ಪೇಟೆಯ ಹೆಸರೇ ಲಂಕಾ. ರಾಮಲೀಲೆಯ ಊರಲ್ಲಿ ಐದು ವರ್ಷ ಲಂಕೆಯ ಟೀ ಕುಡಿದು ಪಾಸಾದವನು ನಾನು. ಈಗಲೂ ಎರಡು ವರ್ಷಕ್ಕೊಮ್ಮೆ ಹೋಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕ್ಯಾಲೆಂಡರ್. ಸಾರನಾಥದ ಮ್ಯೂಸಿಯಂಗೆ ಶುಕ್ರವಾರ ರಜೆ. ಭಾರತ ಕಲಾ ಭವನಕ್ಕೆ ಭಾನುವಾರ ರಜೆ. ನೀವು ಸರಿಯಾಗಿ ಆ ಎರಡು ದಿನವೇ ಹಾಕಿಕೊಂಡಿದ್ದೀರಿ! ನಗಬೇಡಿ, ನಾನೂ ಇದೇ ತಪ್ಪು ಮಾಡಿದ್ದೇನೆ. ಅಣ್ಣ ಅತ್ತಿಗೆ ಬಂದಾಗ ದೊಡ್ಡ ತಿಳಿದವನ ಹಾಗೆ ಶುಕ್ರವಾರ ಸಾರನಾಥಕ್ಕೆ ಕರೆದುಕೊಂಡು ಹೋದೆ. ಧಮೇಕ್ ಸ್ತೂಪ ನೋಡಿದರು, ಚೆನ್ನಾಗಿದೆ ಅಂದರು. "ನೋಟಿನ ಮೇಲಿರೋ ಸಿಂಹ ಎಲ್ಲಿ?" ಎಂದು ಅತ್ತಿಗೆ ಕೇಳಿದಾಗ ಬೀಗ ಹಾಕಿದ ಗೇಟ್ ತೋರಿಸಬೇಕಾಯಿತು. ಅಶೋಕನ ಕಂಬದ ಬುಡದ ತುಂಡುಗಳು ಹೊರಗೆ ಅಗೆದ ಜಾಗದಲ್ಲೇ ಇವೆ. ಆದರೆ ನಾಲ್ಕು ಸಿಂಹಗಳು ಇರುವುದು ಮ್ಯೂಸಿಯಂ ಒಳಗೆ. ಅಣ್ಣ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ಹಾಗಾಗಿ ಎರಡನ್ನೂ ಅದಲು ಬದಲು ಮಾಡಿ. ಕಲಾ ಭವನ ಶುಕ್ರವಾರ, ಸಾರನಾಥ ಶನಿವಾರ. ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ, ಸೀರೆ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಉಳಿಯೋಕೆ ಅಸ್ಸಿ ಕಡೆ ನೋಡಿ, ಘಾಟ್‌ಗಳ ಸಾಲಿನ ದಕ್ಷಿಣ ತುದಿ ಅದು. ಎಲ್ಲರೂ ದಶಾಶ್ವಮೇಧದ ಹತ್ತಿರ, ದೇವಸ್ಥಾನಕ್ಕೆ ಅಂಟಿಕೊಂಡ ಹಾಗೆ ರೂಮ್ ಹುಡುಕುತ್ತಾರೆ. ಅಲ್ಲಿ ಗಾಡಿ ಗೋದೌಲಿಯಾ ಚೌಕದ ಹತ್ತಿರವೇ ನಿಂತುಬಿಡುತ್ತದೆ. ಆಮೇಲೆ ಸೂಟ್‌ಕೇಸ್ ಎಳೆದುಕೊಂಡು ಓಣಿಯಲ್ಲಿ ನಡೆಯಬೇಕು, ಎದುರಿಗೆ ಹಸು ಬರುತ್ತದೆ, ಹಿಂದಿನಿಂದ ಬೈಕು ಬರುತ್ತದೆ. ಅಸ್ಸಿಯಲ್ಲಿ ಆಟೋ ಹೊಳೆ ಹತ್ತಿರದವರೆಗೂ ಬರುತ್ತದೆ. ಒಂದು ಎಚ್ಚರಿಕೆ: ಹೊಳೆ ಕಾಣುವ ರೂಮ್ ಅಂದರೆ ಸಾಮಾನ್ಯವಾಗಿ ಹಳೇ ಮನೆಯ ಮೂರನೇ ಮಹಡಿ, ಕಡಿದಾದ ಮೆಟ್ಟಿಲು. ಬುಕ್ ಮಾಡುವ ಮೊದಲು ಫೋನ್ ಮಾಡಿ "ಲಿಫ್ಟ್ ಇದೆಯಾ, ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು" ಎಂದು ಬಾಯಿಬಿಟ್ಟು ಕೇಳಿ. ಫೋಟೋದಲ್ಲಿ ಮೆಟ್ಟಿಲು ಕಾಣುವುದಿಲ್ಲ.

ಇನ್ನು 84 ಘಾಟ್. ಇದನ್ನು ಬಿಡಿ. ಲೆಕ್ಕ ಹಾಕೋಕೆ ಅಲ್ಲ ಅವು ಇರುವುದು. ಗಂಗೆ ಇಲ್ಲಿ ಉತ್ತರವಾಹಿನಿ, ಅದು ನಿಮಗೂ ಗೊತ್ತು. ಕಾಶಿ ಪೂರ್ತಿ ಹೊಳೆಯ ಪಶ್ಚಿಮ ದಂಡೆಯಲ್ಲೇ ಇದೆ, ಬಿಲ್ಲಿನ ಹಾಗೆ ಬಾಗಿಕೊಂಡು. ಆ ದಂಡೆ ಎತ್ತರದ ಗಟ್ಟಿ ದಿಣ್ಣೆ. ಎದುರು ದಂಡೆ ತಗ್ಗು, ಬರೀ ಮರಳು, ಪ್ರವಾಹ ಬಂದರೆ ಮುಳುಗುವ ಜಾಗ, ಹಾಗಾಗಿ ಅಲ್ಲಿ ಊರು ಬೆಳೆಯಲಿಲ್ಲ. ಇದರಿಂದ ಏನಾಗಿದೆ ಅಂದರೆ, ಬೆಳಗ್ಗೆ ಸೂರ್ಯ ಹುಟ್ಟುವಾಗ ಎದುರಿಗೆ ಒಂದು ಕಟ್ಟಡವೂ ಅಡ್ಡ ಬರುವುದಿಲ್ಲ. ಇಡೀ ಊರಿನ ಮುಖದ ಮೇಲೆ ನೇರ ಬಿಸಿಲು. ಸಂಜೆ ಸೂರ್ಯ ಊರಿನ ಬೆನ್ನ ಹಿಂದೆ ಮುಳುಗುತ್ತದೆ, ಘಾಟ್‌ಗಳೆಲ್ಲ ಬೇಗ ನೆರಳಿಗೆ ಬೀಳುತ್ತವೆ. ಡಿಸೆಂಬರ್‌ನಲ್ಲಂತೂ ಐದೂಕಾಲರ ಹೊತ್ತಿಗೆ ಕತ್ತಲಾಗೋಕೆ ಶುರು. ನಮ್ಮೂರ ಲೆಕ್ಕದಲ್ಲಿ ಆರೂವರೆವರೆಗೂ ಬೆಳಕು ಇರುತ್ತೆ ಎಂದು ಪ್ಲಾನ್ ಮಾಡಬೇಡಿ. ಕಾಶಿಯಲ್ಲಿ ನೋಡೋ ಕೆಲಸ ಬೆಳಗ್ಗೆ, ಕೇಳೋ ಕೆಲಸ ಸಂಜೆ.

ಅಸ್ಸಿಯಿಂದ ಕೇದಾರ ಘಾಟ್‌ವರೆಗೆ ಒಂದು ಸಲ ಬೆಳಗ್ಗೆ ದೋಣಿಯಲ್ಲಿ ಹೋಗಿ. ಸಾಧ್ಯವಾದರೆ ಹುಟ್ಟು ಹಾಕುವ ದೋಣಿ ಹಿಡಿಯಿರಿ, ಮೋಟಾರ್ ಬೇಡ. ಮೋಟಾರ್ ದೋಣಿಯಲ್ಲಿ ಘಾಟ್‌ನ ಸದ್ದು ಯಾವುದೂ ಕೇಳುವುದಿಲ್ಲ, ಬಟ್ಟೆ ಒಗೆಯುವುದು, ಮಂತ್ರ, ನಾಯಿ ಜಗಳ, ಏನೂ. ಮೊದಲು ತುಲಸಿ ಘಾಟ್. ತುಲಸೀದಾಸರು ಇದ್ದ ಜಾಗ. ಆಮೇಲೆ ಚೇತ್ ಸಿಂಗ್ ಕೋಟೆ, ಹೊಳೆಗೆ ನೇರ ಗೋಡೆ. 1781ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಇಲ್ಲಿ ಕಾಶಿಯ ರಾಜ ಚೇತ್ ಸಿಂಗನನ್ನು ಹಿಡಿಸಿ ಕೂಡಿಸಿದ್ದ. ರಾಜ ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿಸಿ, ಕಿಟಕಿಯಿಂದ ಇಳಿದು ದೋಣಿ ಹತ್ತಿ ಪಾರಾದ ಎನ್ನುತ್ತಾರೆ. ದೋಣಿಯವರು ಇದನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ, ಕೇಳಿಸಿಕೊಳ್ಳಿ. ಸ್ವಲ್ಪ ಮುಂದೆ ಹನುಮಾನ್ ಘಾಟ್, ಪಕ್ಕದಲ್ಲೇ ನಮ್ಮ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್. ಈಗ ಕರ್ನಾಟಕ ಘಾಟ್ ಎನ್ನುತ್ತಾರೆ. ಅದಕ್ಕೆ ಒತ್ತಿಕೊಂಡು ಹರಿಶ್ಚಂದ್ರ ಘಾಟ್, ಅಲ್ಲಿ ಚಿತೆ ಉರಿಯುತ್ತಿರುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ. ಅದನ್ನು ದಾಟಿದರೆ ಕೇದಾರ ಘಾಟ್. ಕೆಂಪು ಬಿಳಿ ಪಟ್ಟೆ, ದಕ್ಷಿಣದ ದೇವಸ್ಥಾನದ ಹಾಗೇ. ಸುತ್ತಮುತ್ತ ತಮಿಳು, ತೆಲುಗು ಕಿವಿಗೆ ಬೀಳುತ್ತದೆ, ಅದೃಷ್ಟ ಇದ್ದರೆ ಕನ್ನಡವೂ. ಅಲ್ಲಿಂದ ಮುಂದಕ್ಕೆ ಹೋಗಲೇಬೇಕೆಂದಿಲ್ಲ. ದೋಣಿ ತಿರುಗಿಸಿ, ಮರಳಿನ ದಂಡೆ ಕಡೆ ಹೋಗಿ ಐದು ನಿಮಿಷ ನಿಲ್ಲಿಸಲು ಹೇಳಿ. ಊರು ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ.

ರಾಮನಗರದ ಕೋಟೆ ನಾನಾದರೆ ಬಿಡುತ್ತೇನೆ. ಹಳೇ ಕಾರು, ಪಲ್ಲಕ್ಕಿ, ಕತ್ತಿ, ಅದರ ಮೇಲೆ ಧೂಳು. ಅಲ್ಲಿನ ರಾಮಲೀಲೆ ಬೇರೆ ಮಾತು, ಒಂದು ತಿಂಗಳು ನಡೆಯುತ್ತದೆ, ಮೈಕ್ ಇಲ್ಲ, ಕರೆಂಟ್ ದೀಪ ಇಲ್ಲ, ಜನ ಪಾತ್ರಧಾರಿಗಳ ಹಿಂದೆ ಊರೆಲ್ಲ ನಡೆಯುತ್ತಾರೆ. ಆದರೆ ಅದು ದಸರಾ ಸಮಯದ್ದು, ನಿಮಗೆ ಸಿಗುವುದಿಲ್ಲ. ಜಂತರ್ ಮಂತರ್ ಇರುವುದು ಮಾನಮಂದಿರ ಎಂಬ ಹಳೇ ಅರಮನೆಯ ತಾರಸಿ ಮೇಲೆ. ಎಡ ಮಂಡಿ ಎಂದಿದ್ದೀರಿ, ನೀವೊಬ್ಬರೇ ಹತ್ತಿ ಬನ್ನಿ.

ವಿಶ್ವನಾಥನ ದರ್ಶನಕ್ಕೆ ಶನಿವಾರ ಬೇಡ. ಶುಕ್ರವಾರ ನಸುಕಿಗೇ ಹೋಗಿಬಿಡಿ. ಮೊಬೈಲ್, ಬ್ಯಾಗ್ ಒಳಗೆ ಬಿಡುವುದಿಲ್ಲ, ರೂಮಲ್ಲೇ ಇಟ್ಟು ಹೋದರೆ ಲಾಕರ್ ಹುಡುಕುವ ಕಷ್ಟ ಇಲ್ಲ. ಚಪ್ಪಲಿ ಬಗ್ಗೆ ಅಮ್ಮನಿಗೆ ಹೇಳಬೇಕಾಗಿಲ್ಲ. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು, 1780ರದ್ದು. ಶಿಖರದ ಚಿನ್ನ ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೊಟ್ಟಿದ್ದು. ಸುತ್ತಲಿನ ವಿಶಾಲ ಅಂಗಳ, ಹೊಳೆಯವರೆಗಿನ ದಾರಿ ಎಲ್ಲ 2021ರ ಡಿಸೆಂಬರ್‌ನಲ್ಲಿ ತೆರೆದದ್ದು, ಅಮ್ಮ ಹೋಗಿದ್ದಾಗ ಇರಲಿಲ್ಲ. ಅನುಕೂಲ ಆಗಿದೆ, ಇಲ್ಲ ಅನ್ನಲ್ಲ. ಆದರೆ ನಾನು ಓಡಾಡುತ್ತಿದ್ದ ಓಣಿಗಳು ಅದರಡಿಯಲ್ಲಿ ಹೋದವು. ಮೊದಲ ಸಲ ಆ ಅಂಗಳದಲ್ಲಿ ನಿಂತಾಗ ನನಗೆ ದಾರಿ ತಪ್ಪಿತು, ಐದು ವರ್ಷ ಇದ್ದ ಊರಲ್ಲಿ.

ಸಂಗೀತ. ಇದು ಮುಖ್ಯ. ದೊಡ್ಡ ಹಬ್ಬಗಳು ಡಿಸೆಂಬರ್‌ನಲ್ಲಿ ಇಲ್ಲ. ಧ್ರುಪದ್ ಎಂಬ ಹಳೇ ಹಿಂದೂಸ್ತಾನಿ ಗಾಯನದ ಮೇಳ ಶಿವರಾತ್ರಿ ಸಮಯಕ್ಕೆ ತುಲಸಿ ಘಾಟ್‌ನಲ್ಲಿ. ಸಂಕಟಮೋಚನ ದೇವಸ್ಥಾನದ ಸಂಗೀತ ಸಮಾರೋಹ ಹನುಮ ಜಯಂತಿ ಹೊತ್ತಿಗೆ, ಏಪ್ರಿಲ್ ಆಸುಪಾಸು. ರಾತ್ರಿಯಿಡೀ ದೇವರ ಮುಂದೆ ಹಾಡುತ್ತಾರೆ, ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ನೆಲದ ಮೇಲೆ ಕೂರಬಹುದು. ನಾವು ಪರೀಕ್ಷೆ ಮರೆತು ಕೂತಿದ್ದೇವೆ. ಈಗ ಹೋಗುವವರಿಗೆ ಸಿಗುವುದು ಅಸ್ಸಿಯ 'ಸುಬಹ್-ಎ-ಬನಾರಸ್'. 2014ರಿಂದ ದಿನಾ ಬೆಳಗ್ಗೆ ನಡೆಯುತ್ತಿದೆ. ಸೂರ್ಯ ಹುಟ್ಟುವ ಮೊದಲು ಆರತಿ, ವೇದಘೋಷ, ಆಮೇಲೆ ಊರಿನ ಕಲಾವಿದರಿಂದ ಬೆಳಗಿನ ರಾಗ. ಒಂದು ದಿನ ಸಾಧಾರಣ ಇರುತ್ತದೆ, ಇನ್ನೊಂದು ದಿನ ಯಾರೋ ಚಿಕ್ಕ ಹುಡುಗಿ ಕೂತು ಭೈರವ್ ಹಾಡಿ ಎಲ್ಲರ ಬಾಯಿ ಮುಚ್ಚಿಸುತ್ತಾಳೆ. ಅಸ್ಸಿಯಲ್ಲೇ ಉಳಿಯಿರಿ ಅಂದದ್ದು ಇದಕ್ಕೂ ಸೇರಿ. ಅಮ್ಮ ಶಾಲು ಹೊದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು, ಮೂರು ದಿನವೂ ಹೋಗಬಹುದು.

ನಾನು ಹಾಸ್ಟೆಲ್ ಸೇರಿದ ಸ್ವಲ್ಪ ದಿನಕ್ಕೇ, 2006ರ ಆಗಸ್ಟ್ 21ಕ್ಕೆ, ಶಹನಾಯಿಯ ಬಿಸ್ಮಿಲ್ಲಾ ಖಾನ್ ತೀರಿಕೊಂಡರು. ನನಗೆ ಆಗ ಅವರ ಹೆಸರು ಗೊತ್ತಿತ್ತು ಅಷ್ಟೇ, ಮದುವೆ ಮನೆ ಕ್ಯಾಸೆಟ್‌ನಲ್ಲಿ ಕೇಳಿದ್ದು. ಅವರು ಗಂಗೆ ದಂಡೆಯ ಬಾಲಾಜಿ ಗುಡಿಯಲ್ಲಿ ಕೂತು ವರ್ಷಗಟ್ಟಲೆ ಸಾಧನೆ ಮಾಡಿದವರು ಎಂದು ಅವತ್ತು ಮೆಸ್ಸಿನ ಅಡುಗೆಯವರು ಹೇಳಿದರು, ರೊಟ್ಟಿ ಬಡಿಸುತ್ತಾ. ಸಂಗೀತದ ಬಗ್ಗೆ ಆ ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಕಬೀರ್ ಚೌರಾ ಕಡೆ ಹೋದರೆ ರಿಕ್ಷಾದವರೇ ಇದು ಕಿಶನ್ ಮಹಾರಾಜರ ಮನೆ ಕಡೆ, ತಬಲಾದವರು, ಎಂದು ಕೈ ತೋರಿಸುತ್ತಾರೆ.

ಕಲಾ ಭವನಕ್ಕೆ ಎರಡು ಗಂಟೆ ಇಡಿ. ಮೊಘಲ್, ರಾಜಸ್ಥಾನಿ, ಪಹಾಡಿ ಚಿಕ್ಕ ಚಿತ್ರಗಳು ಅಲ್ಲಿನ ದೊಡ್ಡ ಆಸ್ತಿ. ಆಲಿಸ್ ಬೋನರ್ ಎಂಬ ಸ್ವಿಸ್ ಕಲಾವಿದೆಯ ಗ್ಯಾಲರಿಯೂ ಇದೆ. 1936ರಿಂದ 1978ರವರೆಗೆ ಅಸ್ಸಿಯಲ್ಲೇ ಮನೆ ಮಾಡಿಕೊಂಡಿದ್ದವರು. ಅಮ್ಮನಿಗೆ ಹಳೇ ಬನಾರಸ್ ನೇಯ್ಗೆ ತೋರಿಸಿ. ಶುಕ್ರವಾರ ಅದನ್ನು ನೋಡಿದ ಕಣ್ಣು ಶನಿವಾರ ಅಂಗಡಿಯಲ್ಲಿ ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ. ನಾನು ಹೇಳಿದ ಲಾಭ ಇದೇ.

ಶನಿವಾರ ಸಾರನಾಥದಿಂದ ವಾಪಸ್ ಬರುವಾಗ ದಾರಿ ಸ್ವಲ್ಪ ಸುತ್ತಿಸಿ ಭಾರತ ಮಾತಾ ಮಂದಿರ ನೋಡಿ. ಕಾಶಿ ವಿದ್ಯಾಪೀಠದ ಆವರಣದಲ್ಲಿದೆ. ಒಳಗೆ ವಿಗ್ರಹ ಇಲ್ಲ, ಅಮೃತಶಿಲೆಯಲ್ಲಿ ಕೆತ್ತಿದ ಅವಿಭಜಿತ ಭಾರತದ ಉಬ್ಬು ನಕ್ಷೆ ನೆಲದ ಮೇಲಿದೆ. ಬೆಟ್ಟ, ಬಯಲು ಎಲ್ಲ ಎದ್ದು ಕಾಣುತ್ತದೆ. 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ್ದು. ಪ್ಯಾಕೇಜ್ ಬಸ್ಸಿನವರು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ.

ಮಣಿಕರ್ಣಿಕಾ ಘಾಟ್ ಕೂಡ ಚಿತೆ ಉರಿಯುವ ಜಾಗ, ಅಲ್ಲಿ ಫೋಟೋ ತೆಗೆಯಬೇಡಿ, ಕ್ಯಾಮೆರಾ ಹೊರಗೇ ತೆಗೆಯಬೇಡಿ. "ಬನ್ನಿ ಮೇಲಿಂದ ತೋರಿಸುತ್ತೇನೆ" ಎಂದು ಒಬ್ಬ ಕರೆದುಕೊಂಡು ಹೋಗಿ, ಕೊನೆಗೆ ಬಡವರ ಚಿತೆಗೆ ಕಟ್ಟಿಗೆ ದಾನ ಎಂದು ದೊಡ್ಡ ಮೊತ್ತ ಕೇಳುತ್ತಾನೆ. ನಾನೂ ಮೊದಲ ವರ್ಷ ಕೊಟ್ಟೆ. ಹಾಸ್ಟೆಲ್‌ಗೆ ಬಂದು ಹೇಳಿದರೆ ಇಡೀ ಕಾರಿಡಾರ್ ನಕ್ಕಿತು.

ತಿಂಡಿ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಹೇಳುತ್ತೇನೆ: ಮಲೈಯೋ. ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಹಾಲನ್ನು ರಾತ್ರಿ ಇಬ್ಬನಿಗೆ ಇಟ್ಟು ಬೆಳಗ್ಗೆ ಕಡೆದು ತೆಗೆದ ನೊರೆ, ಕೇಸರಿ ಹಾಕಿರುತ್ತಾರೆ. ಬಿಸಿಲೇರಿದರೆ ಕರಗಿ ಹೋಗುತ್ತದೆ, ಬೆಳಗ್ಗೆಯೇ ತಿನ್ನಬೇಕು.

ಮಗ್ಗದಮನೆ:

ಸೀರೆ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಅಜ್ಜನ ಮನೆಯಲ್ಲಿ ಮೊಳಕಾಲ್ಮೂರು ಸೀರೆಯ ಮಗ್ಗ ಇತ್ತು, ಹಾಗಾಗಿ ಎಲ್ಲಿ ಹೋದರೂ ನನ್ನ ಕೈ ಮೊದಲು ಸೀರೆಯ ಹಿಂಬದಿಗೇ ಹೋಗುತ್ತದೆ.

ಬನಾರಸ್‌ನಲ್ಲೂ ಅದೇ ಮಾಡಿ. ಅಂಗಡಿಯವರು ಮುಂದಿನ ಜರಿ ಬೆಳಕಿಗೆ ಹಿಡಿದು ತೋರಿಸುತ್ತಾರೆ. ನೀವು ಸೆರಗು ತಿರುವಿ ಹಿಂದೆ ನೋಡಿ. ಅಲ್ಲಿ ಎರಡು ಮಾತು ಕೇಳುತ್ತೀರಿ, ಕಢುವಾ ಮತ್ತು ಫೇಕ್ವಾ. ಕಢುವಾದಲ್ಲಿ ಒಂದೊಂದು ಬುಟ್ಟಾವನ್ನೂ ಮಗ್ಗದ ಮೇಲೇ ಬೇರೆ ಬೇರೆಯಾಗಿ ನೇಯುತ್ತಾರೆ. ಹಿಂದೆ ಒಂದು ಬುಟ್ಟಾದಿಂದ ಇನ್ನೊಂದಕ್ಕೆ ದಾರ ಓಡಿರುವುದಿಲ್ಲ. ಫೇಕ್ವಾದಲ್ಲಿ ಜರಿ ಅಂಚಿನಿಂದ ಅಂಚಿಗೆ ಓಡುತ್ತದೆ, ಆಮೇಲೆ ನಡುವಿನ ದಾರ ಕತ್ತರಿಸುತ್ತಾರೆ. ಮುಟ್ಟಿದರೆ ಕತ್ತರಿಸಿದ ತುದಿ ಕೈಗೆ ಚುಚ್ಚುತ್ತದೆ. ಅದು ಕೆಟ್ಟ ಸೀರೆ ಅಂತಲ್ಲ, ಕೆಲಸ ಕಡಿಮೆ, ಬೆಲೆಯೂ ಕಡಿಮೆ ಇರಬೇಕು. ಫೇಕ್ವಾ ತೋರಿಸಿ ಕಢುವಾ ರೇಟ್ ಹೇಳಿದರೆ ಎದ್ದು ಬನ್ನಿ. ಬನಾರಸ್ ಸೀರೆಗೆ 2009ರಿಂದ ಜಿಐ ಗುರುತೂ ಇದೆ (ಆ ಊರಿನದೇ ಎಂದು ಹೇಳುವ ಗುರುತು), ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಎರಡನ್ನೂ ಕೇಳಿ, ಕೇಳೋಕೆ ದುಡ್ಡಿಲ್ಲ.

ಆಟೋದವರು ಕರೆದುಕೊಂಡು ಹೋಗುವ ಅಂಗಡಿಗೆ ಮಾತ್ರ ಹೋಗಬೇಡಿ. ನಮ್ಮನ್ನು ಒಬ್ಬರು "ಸುಮ್ನೆ ನೋಡಿ, ತಗೊಳ್ಳಬೇಡಿ, ಟೀ ಕುಡಿಯಿರಿ" ಎಂದು ಕೂರಿಸಿದರು. ನಮ್ಮತ್ತೆ ಟೀ ಕುಡಿದ ಋಣಕ್ಕೆ ಎರಡು ಸೀರೆ ತಗೊಂಡರು. ಮನೆಗೆ ಬಂದು ಬೆಳಕಲ್ಲಿ ನೋಡಿದರೆ ಪವರ್‌ಲೂಮ್. ಆ ಸೀರೆ ಈಗಲೂ ಬೀರುವಿನಲ್ಲಿದೆ, ಯಾರೂ ಮಾತಾಡುವುದಿಲ್ಲ. ಮದನಪುರದ ಕಡೆ ನೇಕಾರರ ಮನೆಗಳಿವೆ. ಶುಕ್ರವಾರ ಮಧ್ಯಾಹ್ನ ನಮಾಜ್ ಸಮಯ, ಆಗ ಹೋಗಬೇಡಿ. ಶನಿವಾರ ಸರಿ. ಮಗ್ಗ ನೋಡಬಹುದಾ ಎಂದು ಮರ್ಯಾದೆಯಿಂದ ಕೇಳಿ, ತೋರಿಸುವವರು ಇದ್ದಾರೆ.

ಕಛೇರಿ_ಕೊನೆಸಾಲು:

ಅಮ್ಮ ಸಂಗೀತದ ಟೀಚರ್ ಅಂದಿರಿ, ಇದನ್ನು ಯಾರೂ ಹೇಳಲಿಲ್ಲವಲ್ಲ! ಮುತ್ತುಸ್ವಾಮಿ ದೀಕ್ಷಿತರು ಚಿಕ್ಕ ವಯಸ್ಸಿನಲ್ಲಿ ಗುರು ಚಿದಂಬರನಾಥ ಯೋಗಿಗಳ ಜೊತೆ ಕಾಶಿಗೆ ಹೋಗಿ ಕೆಲವು ವರ್ಷ ಅಲ್ಲೇ ಇದ್ದರು. ಗಂಗೆಯಲ್ಲಿ ವೀಣೆ ಸಿಕ್ಕಿದ್ದು ಅಲ್ಲೇ ಎನ್ನುವ ಕಥೆ ಅಮ್ಮ ಮಕ್ಕಳಿಗೆ ಹೇಳಿಯೇ ಇರುತ್ತಾರೆ. ಆ ಗುರುಗಳ ಸಮಾಧಿ ಹನುಮಾನ್ ಘಾಟ್‌ನಲ್ಲಿದೆ, ಚಕ್ರಲಿಂಗೇಶ್ವರ ಗುಡಿ. ಲಂಕಾಗೇಟ್ ಅವರು ಹೇಳಿದ ದೋಣಿ ದಾರಿಯಲ್ಲೇ ಬರುತ್ತದೆ. ಚಿಕ್ಕ ಜಾಗ, ಬೋರ್ಡ್ ನೋಡಿ ಹೋಗುವಂಥದ್ದಲ್ಲ, ಕೇಳಿಕೊಂಡು ಹೋಗಬೇಕು. ದೋಣಿಯಿಂದ ಹೋದರೆ ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಕಷ್ಟ ಆದರೆ ಮೇಲಿನ ರಸ್ತೆಯಲ್ಲಿ ಇಳಿದು ಓಣಿ ಮೂಲಕ ಹೋಗಿ.

ಆರತಿ ಬಗ್ಗೆ ಒಂದು ಮಾತು. ದಶಾಶ್ವಮೇಧದಲ್ಲಿ ಚಳಿಗಾಲದಲ್ಲಿ ಆರು ಗಂಟೆ ಸುಮಾರಿಗೆ ಶುರು, ಜನ ಐದಕ್ಕೇ ಕೂತಿರುತ್ತಾರೆ. ಮೆಟ್ಟಿಲ ಮೇಲೆ ಒಂದು ಗಂಟೆ ಕಾಲು ಮಡಚಿ ಕೂತರೆ ಅಮ್ಮ ಏಳುವಾಗ ನಿಮ್ಮನ್ನೇ ಬೈಯುತ್ತಾರೆ. ಅಲ್ಲಿ ದೋಣಿಯಿಂದಲೇ ನೋಡಿ. ಇಲ್ಲವಾದರೆ ಅಸ್ಸಿಯಲ್ಲೇ ಸಂಜೆ ಆರತಿ ಇದೆ, ಜನ ಕಡಿಮೆ. ನನ್ನನ್ನು ಕೇಳಿದರೆ ಅಸ್ಸಿಯದೇ ಸಾಕು. ದಶಾಶ್ವಮೇಧದ್ದು ಈಗ ಸ್ವಲ್ಪ ಶೋ ಆಗಿದೆ.

ಲಂಕಾಗೇಟ್:

ಕೊನೆಸಾಲು ಅವರೇ, ಐದು ವರ್ಷ ಹನುಮಾನ್ ಘಾಟ್ ದಾಟಿದ್ದೇನೆ, ಈ ಗುಡಿ ನನಗೆ ಗೊತ್ತೇ ಇರಲಿಲ್ಲ. ಮುಂದಿನ ಸಲ ಹೋಗುತ್ತೇನೆ. ಆರತಿ ವಿಷಯದಲ್ಲಿ ಮಾತ್ರ ಒಪ್ಪಲ್ಲ. ಶೋ ನಿಜ, ಆದರೆ ಒಂದು ಸಲ ನೋಡಲೇಬೇಕಾದ ಶೋ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಚ್ಚಿದ ಬಾಗಿಲಿನ ವಿಷಯ ಓದಿ ಎದೆ ಧಸಕ್ಕೆಂದಿತು. ಪ್ಲಾನ್ ಪೂರ್ತಿ ಹರಿದು ಹೊಸದು ಮಾಡಿದೆ.

ಗುರುವಾರ ಅಸ್ಸಿಯಲ್ಲಿ ಇಳಿದು ಸುಮ್ನೆ ಕೂರುವುದು, ಅಲ್ಲಿನದೇ ಆರತಿ. ಶುಕ್ರವಾರ ನಸುಕಿಗೆ ವಿಶ್ವನಾಥ, ಬಂದು ನಿದ್ದೆ, ಮಧ್ಯಾಹ್ನ ಕಲಾ ಭವನ, ಸಂಜೆ ದೋಣಿಯಿಂದ ದಶಾಶ್ವಮೇಧ. ಶನಿವಾರ ಬೆಳಗ್ಗೆ ಸಾರನಾಥ, ಬರುವಾಗ ನಕ್ಷೆಯ ಮಂದಿರ, ಸಂಜೆ ಮದನಪುರ. ಭಾನುವಾರ ಬೆಳಗಿನ ರಾಗ, ದೋಣಿ, ಹನುಮಾನ್ ಘಾಟ್. ಕೋಟೆ ಇಲ್ಲ, ಜಂತರ್ ಮಂತರ್ ಇಲ್ಲ. ರೂಮಿನವರಿಗೆ ಫೋನ್ ಮಾಡಿ ಮೆಟ್ಟಿಲು ಎಷ್ಟು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಐವತ್ತೆರಡು" ಎಂದರು. ಬೇರೆ ಕಡೆ ನೆಲಮಹಡಿ ಬುಕ್ ಮಾಡಿದೆ, ಹೊಳೆ ಕಾಣಲ್ಲ, ಪರವಾಗಿಲ್ಲ.

ಚಕ್ರಲಿಂಗೇಶ್ವರದ ವಿಷಯ ಅಮ್ಮನಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟು, "ಅದು ಭಾನುವಾರ ಬೇಡ, ಶುಕ್ರವಾರವೇ ಇಡು. ಭಾನುವಾರ ಏನಾದರೂ ಆಗಿ ತಪ್ಪಿಹೋದರೆ?" ಎಂದರು. ವಿಶ್ವನಾಥನ ಬಗ್ಗೆ ಹಾಗೆ ಹೇಳಲಿಲ್ಲ!

ಎರಡು ಪ್ರಶ್ನೆ ಉಳಿದಿವೆ. ಶುಕ್ರವಾರಕ್ಕೆ ಅದನ್ನು ಎಲ್ಲಿ ಸೇರಿಸಲಿ? ಭಾನುವಾರ ಏರ್‌ಪೋರ್ಟ್‌ಗೆ ಎಷ್ಟು ಹೊತ್ತಿಗೆ ಹೊರಡಬೇಕು?

ಲಂಕಾಗೇಟ್:

ಏರ್‌ಪೋರ್ಟ್ ಇರುವುದು ಬಾಬತ್‌ಪುರದಲ್ಲಿ, ಊರಿಂದ ಸುಮಾರು 25 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ. ಕಷ್ಟ ಇರುವುದು ಅಸ್ಸಿಯಿಂದ ಊರು ದಾಟುವುದರಲ್ಲಿ. ವಿಮಾನ ಹೊರಡುವ ನಾಲ್ಕು ಗಂಟೆ ಮೊದಲು ರೂಮ್ ಬಿಡಿ. ಮದುವೆ ಸೀಸನ್ ಇದ್ದರೆ ದಾರಿಯಲ್ಲಿ ಕುದುರೆ ಮೇಲೆ ಮದುಮಗ ಸಿಗುತ್ತಾನೆ, ಅವನ ಹಿಂದೆ ಬ್ಯಾಂಡು. ಅವನಿಗೆ ಯಾವ ವಿಮಾನದ ಅರ್ಜೆಂಟೂ ಇರುವುದಿಲ್ಲ. ಡಿಸೆಂಬರ್ ಕೊನೆ ಆಗಿದ್ದರೆ ಮಂಜಿನ ಭಯ ಜಾಸ್ತಿ ಇರುತ್ತಿತ್ತು, ಮೊದಲ ವಾರ ಅಷ್ಟಿಲ್ಲ. ಆದರೂ ಹೊರಡುವ ಮುಂಚೆ ವಿಮಾನ ಸಮಯಕ್ಕಿದೆಯಾ ನೋಡಿಕೊಳ್ಳಿ.

ಹನುಮಾನ್ ಘಾಟ್‌ಗೆ ಶುಕ್ರವಾರ ದರ್ಶನ ಮುಗಿಸಿ ಅಸ್ಸಿಗೆ ಬರುವ ದಾರಿಯಲ್ಲೇ ಇಳಿಯಿರಿ. ಗೋದೌಲಿಯಾ ಆಚೆ ರಿಕ್ಷಾ ಹಿಡಿದು ಶಿವಾಲಾ ರಸ್ತೆ ಎನ್ನಿ. ರಸ್ತೆಯಿಂದ ಓಣಿಯಲ್ಲಿ ಒಳಗೆ ಹೋಗಬೇಕು, ಹಾಗೆ ಹೋದರೆ ಘಾಟ್‌ನ ಮೆಟ್ಟಿಲು ಹತ್ತುವ ಕೆಲಸ ಇಲ್ಲ. ಅಮ್ಮನಿಗೆ ಅಲ್ಲಿ ಒಂದು ಹಾಡು ಹೇಳಬೇಕು ಅನಿಸಿದರೆ ಹೇಳಲಿ. ಆ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ಕೂತು ಕೇಳುತ್ತಾರೆ.

ಅಂದಹಾಗೆ ದೊಡ್ಡಮ್ಮನ ತರಕಾರಿ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಿ?

ತುಂಗಾತೀರ:

ಹಾಗಲಕಾಯಿ ಬಿಡುತ್ತಾರಂತೆ. 2009ರಲ್ಲೂ ಅದನ್ನೇ ಬಿಟ್ಟಿದ್ದು. ಶುಗರ್ ಬಂದಮೇಲೆ ಡಾಕ್ಟರ್ ಹೇಳಿದರು ಎಂದು ಮತ್ತೆ ಹಿಡಿದಿದ್ದಾರೆ.